ಇನ್ನೊಂದು ಬಿಸಿಲು

ಚೀಲದ ಬಾಯಿ ಬಿಚ್ಚುವ ಮೊದಲೇ ಮೂಗಿಗೆ ಗೊತ್ತಾಗಿತ್ತು. ತುಳುವರ ಸೋಣ ತಿಂಗಳು, ಅಂದರೆ ಆಗಸ್ಟ್ ನಡು, ಹಿಡಿದು ಎರಡು ದಿನ. ಮಳೆ ಸ್ವಲ್ಪ ಹೊಳವಾಗಿತ್ತು. ಓಣಂ ರಜೆಗೆ ಬರ್ತೇವೆ, ಟೆಂಟ್ ಖಾಲಿ ಇದೆಯಾ ಅಂತ ಕಣ್ಣೂರಿನಿಂದ ಯಾರೋ ಫೋನ್ ಮಾಡಿದ್ದರು. ನೋಡೋಣ ಅಂತ ನಾನೂ ನಮ್ಮವರೂ ಸೇರಿ ಪತ್ತಾಯದ (ಭತ್ತದ ಕಣಜದ) ಕೋಣೆಯಿಂದ ಟೆಂಟಿನ ಆ 35 ಕಿಲೋದ ಚೀಲವನ್ನು ಎಳೆದು ಚಾವಡಿಗೆ ತಂದೆವು. ಬಾಯಿ ಕಟ್ಟಿದ ಹಗ್ಗ ಬಿಚ್ಚಿದ್ದೇ ತಡ, ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಹಾಸಿ ನೋಡಿದರೆ ಬಿಳಿ ಕ್ಯಾನ್ವಾಸಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಎಲ್ಲ ಕಡೆ ಇರಲಿಲ್ಲ. ಹೊಲಿಗೆಯ ಉದ್ದಕ್ಕೆ ಸಾಲಾಗಿ ಇದ್ದವು. ಕೆಳಗಿನ ಅಂಚಿನಲ್ಲಿ ಪಟ್ಟಿ ಪಟ್ಟಿಯಾಗಿ ಇದ್ದವು. ಯಾರೋ ಕೂತು ಗೆರೆ ಎಳೆದ ಹಾಗೆ.

ಅತ್ತೆ ಒಳಗಿನಿಂದ ಬಂದರು. ಕಣ್ಣಿಗೆ ಕನ್ನಡಕ ಇರಲಿಲ್ಲ, ಹಾಗಾಗಿ ಚುಕ್ಕೆ ಕಾಣಲಿಲ್ಲ. ಒಂದು ತುದಿ ಎತ್ತಿ ಮೂಸಿದರು. ‘ಎಷ್ಟು ಬಿಸಿಲು ಕೊಟ್ಟಿದ್ದಿ ಇದಕ್ಕೆ?’ ಅಂತ ಕೇಳಿದರು.

‘ಒಣಗಿತ್ತಲ್ಲ ಅತ್ತೆ. ಮುಟ್ಟಿ ನೋಡಿಯೇ ಮಡಚಿದ್ದು.’

‘ಮುಟ್ಟಿದರೆ ಅಡಿಕೆಯೂ ಎಂಟನೇ ದಿನಕ್ಕೆ ಒಣಗಿದ ಹಾಗೇ ಇರ್ತದೆ’ ಅಂತ ಹೇಳಿ ಅವರು ಒಳಗೆ ಹೋದರು.

ಆ ಮಾತು ನನ್ನನ್ನು ಸುಮ್ನೆ ಬಿಡಲಿಲ್ಲ. ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಅಡಿಕೆ ತೋಟದವರು. ಈ ಮನೆಯಲ್ಲಿ ನೂರು ವರ್ಷದಿಂದ ಮಾಡಿಕೊಂಡು ಬಂದ ಕೆಲಸ ಅಂತ ಒಂದಿದ್ದರೆ ಅದು ಒಣಗಿಸುವುದು. ಅಡಿಕೆ, ಕೊಬ್ಬರಿ, ಕಾಳುಮೆಣಸು, ಹಪ್ಪಳ, ಹಲಸಿನ ಬೇಳೆ, ಮಳೆಗಾಲಕ್ಕೆ ಕಟ್ಟಿಗೆ. ಚಾಲಿಗೆ, ಅಂದರೆ ಹಣ್ಣಡಿಕೆ ಒಣಗಿಸಿ ಮಾಡುವ ಅಡಿಕೆಗೆ, 40ರಿಂದ 45 ಬಿಸಿಲು ಬೇಕು ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೆ ಗುಡ್ಡದ ಮೇಲೆ ಹಾಕಿದ ಟೆಂಟಿನ ವಿಷಯ ಬಂದಾಗ ಮಾತ್ರ ನಾವು ಏನೂ ಗೊತ್ತಿಲ್ಲದವರ ಹಾಗೆ ಮೊಬೈಲು ನೋಡುತ್ತಾ ಕೂತೆವು. ಅದು ಇಂಗ್ಲಿಷ್ ಚೀಟಿಯ ಜೊತೆ ಬಂದ ವಸ್ತು, ಅದಕ್ಕೆ ಬೇರೆಯೇ ವಿದ್ಯೆ ಇರಬೇಕು ಅಂತ ಅಂದುಕೊಂಡದ್ದು.

ಎರಡೇ ಟೆಂಟು ನಮ್ಮದು. ನಡುವೆ ಒಂದು ಕಂಬ, ಸುತ್ತ ಹಗ್ಗ, 5 ಮೀಟರ್ ಅಗಲದ ಗುಂಡಗಿನ ಗಂಟೆಯಾಕಾರದ ಡೇರೆ. ಒಳಗೆ ಮಂಚ, ದೀಪ, ಕನ್ನಡಿ. ಪೋಸಡಿ ಗುಂಪೆ ಹತ್ತಲಿಕ್ಕೆ, ಅನಂತಪುರದ ಕೆರೆ ದೇವಸ್ಥಾನ ನೋಡಲಿಕ್ಕೆ, ಬೇಕಲ ಕೋಟೆಗೆ ಅಂತ ಬರುವವರು ಒಂದು ರಾತ್ರಿ ಉಳಿಯುತ್ತಾರೆ. ಅಡಿಕೆಯ ರೇಟು ಕೈಕೊಟ್ಟ ವರ್ಷಕ್ಕೆ ಇದಾದರೂ ಇರಲಿ ಅನ್ನುವುದು ನಮ್ಮವರ ಲೆಕ್ಕ. ಲೆಕ್ಕ ಸರಿಯೇ ಇತ್ತು. ಮಳೆಗಾಲದ ಐದು ತಿಂಗಳು ಡೇರೆ ಏನು ಮಾಡುತ್ತಿರುತ್ತದೆ ಅನ್ನುವುದು ಮಾತ್ರ ಅದರಲ್ಲಿ ಇರಲಿಲ್ಲ.

ಕೈ ಹೇಳಿದ ಸುಳ್ಳು

ಆ ಮೇ ತಿಂಗಳ ಮಧ್ಯಾಹ್ನವನ್ನು ಮತ್ತೆ ಮತ್ತೆ ನೆನಪು ಮಾಡಿಕೊಂಡಿದ್ದೇನೆ. ಹಿಂದಿನ ರಾತ್ರಿ ಗುಡುಗು ಸಹಿತ ಒಂದು ಮಳೆ ಬಂದಿತ್ತು. ಬೆಳಿಗ್ಗೆ ಚುರುಕು ಬಿಸಿಲು. ಹತ್ತು ಗಂಟೆಗೆ ಮುಟ್ಟಿ ನೋಡಿದೆ, ಗೋಡೆ ಬೆಚ್ಚಗಿತ್ತು, ಗರಿಗರಿಯಾಗಿತ್ತು. ಸಂಜೆ ಮತ್ತೆ ಮೋಡ ಕಟ್ಟುವ ಲಕ್ಷಣ. ಬೇಗ ಬೇಗ ಬಿಚ್ಚಿ, ಉರುಳೆ ಸುತ್ತಿ, ಚೀಲಕ್ಕೆ ತುರುಕಿ, ಮೇಲಿಂದ ಒಂದು ಪ್ಲಾಸ್ಟಿಕ್ ಟರ್ಪಾಲು ಸುತ್ತಿ ಇಟ್ಟೆವು. ಟರ್ಪಾಲು ಸುತ್ತಿದ್ದು ನೀರು ತಾಗದಿರಲಿ ಅಂತ. ಒಳಗಿದ್ದ ತೇವ ಹೊರಗೆ ಹೋಗದ ಹಾಗೆ ಮಾಡಿದ್ದೂ ಅದೇ.

ನಾನು ಮುಟ್ಟಿದ್ದು ಒಂದೇ ಪದರ ಇರುವ ಜಾಗ. ಡೇರೆಯಲ್ಲಿ ಒಂದೇ ಪದರ ಇಲ್ಲದ ಜಾಗಗಳು ಎಷ್ಟಿವೆ ಅಂತ ಈಗ ಕಣ್ಣು ಮುಚ್ಚಿ ಹೇಳಬಲ್ಲೆ. ಎರಡು ತುಂಡು ಸೇರಿಸಿ ಮಡಚಿ ಹೊಲಿದ ಕಡೆ ನಾಲ್ಕು ಪದರ ಇರುತ್ತದೆ. ಕಂಬದ ತುದಿ ತಾಗುವ ನೆತ್ತಿಯಲ್ಲಿ ದಪ್ಪ ತೇಪೆ. ಹಗ್ಗ ಕಟ್ಟುವ ಕುಣಿಕೆಯ ಬುಡ. ಬಾಗಿಲ ಜಿಪ್ಪಿನ ಮೇಲೆ ಇಳಿಬಿದ್ದ ಪಟ್ಟಿ. ಎಲ್ಲಕ್ಕಿಂತ ಮೋಸದ್ದು ನೆಲಕ್ಕೆ ತಾಗುವ ಅಂಚು. ನೆಲಹಾಸು ಪಿವಿಸಿಯದ್ದು, ಅದು ನೀರು ಕುಡಿಯುವುದಿಲ್ಲ. ಗೋಡೆಯಿಂದ ಇಳಿದ ನೀರು ಅಲ್ಲೇ ನಿಂತು ಕ್ಯಾನ್ವಾಸಿನ ಅಂಚು ಅದನ್ನು ಹೀರಿಕೊಳ್ಳುತ್ತದೆ. ಗೋಡೆ ಒಣಗಿ ಮೂರು ಗಂಟೆಯಾದ ಮೇಲೂ ಆ ಅಂಚು ತಣ್ಣಗೆ ಇರುತ್ತದೆ. ಒದ್ದೆ ಅಂತ ಅನಿಸುವುದಿಲ್ಲ, ತಣ್ಣಗೆ ಅನಿಸುತ್ತದೆ ಅಷ್ಟೇ. ಹತ್ತಿಬಟ್ಟೆಯಲ್ಲಿ ತಣ್ಣಗೆ ಅಂದರೆ ಇನ್ನೂ ತೇವ ಇದೆ ಅಂತಲೇ.

ಈಗ ನಾನು ಅಂಗೈಯಿಂದ ಮುಟ್ಟುವುದಿಲ್ಲ. ತೋಟದ ಕೆಲಸ ಮಾಡಿದ ಅಂಗೈ ದಪ್ಪ, ಅದು ಸುಳ್ಳು ಹೇಳುತ್ತದೆ. ಹೊಲಿಗೆಯನ್ನು ಕೆನ್ನೆಗೆ ಇಟ್ಟು ನೋಡುತ್ತೇನೆ. ಇದು ಅತ್ತೆ ಹೇಳಿಕೊಟ್ಟದ್ದು. ಮಳೆಗಾಲದಲ್ಲಿ ಮಗುವಿನ ಬಟ್ಟೆ ಒಣಗಿತೋ ಅಂತ ನೋಡುತ್ತಿದ್ದದ್ದು ಹೀಗೆಯೇ ಅಂತೆ. ಅಡಿಕೆಗಾದರೆ ಕಿವಿ. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಸಿಪ್ಪೆಯ ಒಳಗೆ ಅಡಿಕೆ ಗಡಗಡ ಅನ್ನಬೇಕು. ಡೇರೆ ಗಡಗಡ ಅನ್ನುವುದಿಲ್ಲ, ಹಾಗಾಗಿ ಕೆನ್ನೆ.

ಬೂಷ್ಟಿನ ಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಅವಕ್ಕೆ ಬೇಕಾದದ್ದು ತಿನ್ನಲಿಕ್ಕೆ ಸ್ವಲ್ಪ ಮಣ್ಣೋ ಜಿಡ್ಡೋ ಹತ್ತಿಯೋ, ಮತ್ತೆ ತೇವ. ಗಾಳಿಯ ತೇವಾಂಶ ಶೇಕಡಾ 70ರ ಮೇಲೆ ನಿಂತುಬಿಟ್ಟರೆ ಅವಕ್ಕೆ ಹಬ್ಬ. ಒದ್ದೆ ಬಟ್ಟೆಯಾದರೆ ಒಂದೆರಡು ದಿನವೇ ಸಾಕು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯ ಕ್ಯಾಲೆಂಡರೂ ಮೆತ್ತಗಾಗುತ್ತದೆ. ಅಂಥ ಗಾಳಿಯಲ್ಲಿ ತೇವ ಸಮೇತ ಕಟ್ಟಿಟ್ಟ ಕ್ಯಾನ್ವಾಸ್ ಉಳಿಯುವುದು ಹೇಗೆ ಹೇಳಿ.

ಕರೆ ತೆಗೆಯಲು ಹೊರಟದ್ದು

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮದ್ದು. ನಮ್ಮವರು ಬಾವಿಗೆ ಹಾಕಲು ತಂದಿದ್ದ ಬ್ಲೀಚಿಂಗ್ ಪೌಡರ್ ಡಬ್ಬ ಹಿಡಿದು ಬಂದರು. ಅದನ್ನು ಹಾಕಿದರೆ ಚುಕ್ಕೆ ಬೆಳ್ಳಗಾಗುತ್ತದೆ ನಿಜ, ಆದರೆ ಹತ್ತಿಯ ನೂಲನ್ನೇ ತಿಂದು ಹಾಕುತ್ತದೆ. ನೀರು ಹಿಡಿಯದಂತೆ ಕಾರ್ಖಾನೆಯಲ್ಲಿ ಕೊಟ್ಟ ಲೇಪವೂ ಹೋಗುತ್ತದೆ. ಬೆಳ್ಳಗಿನ, ನೂಲು ಸತ್ತು ಲಡ್ಡಾದ, ಸೋರುವ ಡೇರೆ ಕಟ್ಟಿಕೊಂಡು ಏನು ಮಾಡುವುದು? ಡಬ್ಬ ವಾಪಸು ಹೋಯಿತು.

ಅತ್ತೆಯ ಮದ್ದು ಅಂಟುವಾಳ. ರೇಷ್ಮೆ ಸೀರೆಗೂ ಅದೇ, ಬೆಳ್ಳಿ ಹರಿವಾಣಕ್ಕೂ ಅದೇ, ತಲೆಗೂ ಅದೇ. ಸೋಪಿಗಿಂತ ಮೃದು, ಮರದ್ದೇ ಕಾಯಿ, ಏನೂ ಆಗುವುದಿಲ್ಲ ಅಂತ ನನಗೂ ಅನಿಸಿತು. ಒಂದು ಬದಿಯನ್ನು ಅದರಲ್ಲೇ ತಿಕ್ಕಿದೆವು. ಮಣ್ಣು ಹೋಯಿತು, ಚುಕ್ಕೆ ಹೋಗಲಿಲ್ಲ. ಮುಂದಿನ ಮಳೆಗೆ ನೋಡುತ್ತೇನೆ, ಬೇರೆ ಕಡೆ ನೀರು ಮಣಿಮಣಿಯಾಗಿ ಜಾರುತ್ತಿದ್ದರೆ ಆ ಬದಿಯಲ್ಲಿ ಮಾತ್ರ ಬಟ್ಟೆ ಕಪ್ಪಾಗಿ ನೀರು ಕುಡಿಯುತ್ತಿದೆ. ನೊರೆ ಬರುವುದು ಯಾವುದೇ ಇರಲಿ, ಮರದ್ದಾದರೂ ಕಂಪೆನಿಯದ್ದಾದರೂ, ನೀರನ್ನು ಬಟ್ಟೆಯೊಳಗೆ ಇಳಿಸುವುದೇ ಅದರ ಕೆಲಸ. ತೊಳೆದ ಮೇಲೂ ಅದರ ಅಂಶ ನೂಲಿನಲ್ಲಿ ಉಳಿದರೆ ಅದು ಅದೇ ಕೆಲಸ ಮುಂದುವರಿಸುತ್ತದೆ. ಅತ್ತೆಯ ಲೆಕ್ಕ ತಪ್ಪಿದ್ದು ಇಲ್ಲಿ. ಸೀರೆ ನೀರು ಕುಡಿದರೆ ಯಾರಿಗೂ ಬೇಸರ ಇಲ್ಲ, ಡೇರೆ ಕುಡಿಯಬಾರದು. ಹಳಬರಿಗೆ ಎಲ್ಲ ಗೊತ್ತಿತ್ತು ಅಂತ ಬರೆಯುವುದು ಈಗ ಒಂದು ರೂಢಿಯಾಗಿದೆ. ನನಗೆ ಹಾಗೆ ಬರೆಯಲು ಬರುವುದಿಲ್ಲ. ಅವರಿಗೆ ಒಣಗಿಸಲು ಗೊತ್ತಿತ್ತು. ಲೇಪದ ಬಟ್ಟೆ ಅವರು ತೊಳೆದದ್ದೇ ಇಲ್ಲ.

ಮೂರನೆಯ ಮದ್ದು ಹೇಳಿದ್ದು ನಮ್ಮ ತೋಟಕ್ಕೆ ಮದ್ದು ಬಿಡಲು ಬರುವ ಅಣ್ಣ. ‘ಅಕ್ಕ, ಮೈಲುತುತ್ತು ಹೊಡೆದುಬಿಡುವ. ಅಡಿಕೆಗೆ ಕೊಳೆ ಬಾರದಿದ್ದರೆ ಇದಕ್ಕೆ ಯಾಕೆ ಬರ್ತದೆ?’ ನಾವೆಲ್ಲ ನಕ್ಕೆವು. ಆದರೆ ಆ ಮಾತು ಪೂರ್ತಿ ನಗೆಯದ್ದಲ್ಲ. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್. 100 ಲೀಟರ್ ನೀರಿಗೆ ಅದು 1 ಕಿಲೋ, ಸುಣ್ಣ 1 ಕಿಲೋ. ಈ ಬೋರ್ಡೋ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ್ದು. ಅಡಿಕೆಯ ಕೊಳೆರೋಗಕ್ಕೆ ಇದನ್ನು ಪ್ರಯೋಗ ಮಾಡಿ ತೋರಿಸಿದವರು ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ. ಅಲ್ಲಿಯೂ ಕೊಳೆಯನ್ನು ತಡೆಯುವುದು ತಾಮ್ರ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಡೇರೆ ಕೊಳೆಯದಿರಲಿ ಅಂತ ಕ್ಯಾನ್ವಾಸಿಗೆ ಕೊಡುತ್ತಿದ್ದದ್ದೂ ತಾಮ್ರದ್ದೇ ಒಂದು ಮದ್ದು. ಅಂದರೆ ಮರ ಹತ್ತುವ ಅಣ್ಣನ ತಲೆಯೂ ಯುದ್ಧದ ಡೇರೆ ಮಾಡಿದವರ ತಲೆಯೂ ಒಂದೇ ದಾರಿ ಹಿಡಿದಿತ್ತು. ಆದರೂ ನಾನು ಹೊಡೆಯಲು ಬಿಡಲಿಲ್ಲ. ಅಲ್ಲಿ ಅದನ್ನು ನೂಲಿನೊಳಗೆ ಇಳಿಸುತ್ತಿದ್ದ ವಿಧಾನ ಬೇರೆ. ನಮ್ಮದು ಸುಣ್ಣ ಸಮೇತ ಮೇಲೆ ಕೂತು ನೀಲಿ ಕರೆಯಾಗಿ ಉಳಿಯುತ್ತದೆ. ಮದ್ದು ಬಿಡುವವರ ಅಂಗಿ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ಮಾಡಿದ್ದು ಸಪ್ಪೆ ಕೆಲಸ. ಮೊದಲು ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿ, ಒಣ ಬ್ರಷ್ಷಿನಿಂದ ಅಂಗಳದ ಹೊರಗೆ ಉಜ್ಜಿದ್ದು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗಾಳಿಗೆ ಬೆನ್ನು ಹಾಕಿ. ಒದ್ದೆಯಲ್ಲೇ ಉಜ್ಜಿದರೆ ಬೂಷ್ಟು ಇನ್ನಷ್ಟು ಒಳಗೆ ಹೋಗುತ್ತದೆ. ಆಮೇಲೆ ಒಂದು ಪಾಲು ವಿನೆಗರಿಗೆ ನಾಲ್ಕು ಪಾಲು ನೀರು ಸೇರಿಸಿ, ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ, ಸ್ಪಂಜಿನಲ್ಲಿ ಒತ್ತಿ, ಬರೀ ನೀರಿನಲ್ಲಿ ತೊಳೆದದ್ದು. ವಾಸನೆ ಹೋಯಿತು. ಹೊಸ ಚುಕ್ಕೆ ಬರುವುದು ನಿಂತಿತು. ಹಳೆಯ ಚುಕ್ಕೆ ಬೂದಿ ಬಣ್ಣಕ್ಕೆ ತಿರುಗಿ ಹಾಗೇ ಉಳಿಯಿತು. ನೂಲಿನೊಳಗೆ ಇಳಿದ ಬೂಷ್ಟಿನ ಬಣ್ಣ ಪೂರ್ತಿ ಹೋಗುವುದಿಲ್ಲ. ಅದನ್ನು ಒಪ್ಪಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಹೊಲಿಗೆಗಳಿಗೂ, ಅಂಟುವಾಳ ತಿಂದ ಬದಿಗೂ, ಡೇರೆಗೆ ಅಂತಲೇ ಸಿಗುವ ನೀರು ಬೆರೆಸಿದ ಲೇಪವನ್ನು ಬ್ರಷ್ಷಿನಲ್ಲಿ ಎರಡು ಸಲ ಕೊಟ್ಟೆವು. ಓಣಂ ಬುಕಿಂಗ್ ಹೋಯಿತು, ಅದು ಬೇರೆ ಮಾತು.

ಕುಂಬಳೆಯ ಡೇರೆ

ನಾನು ಹುಟ್ಟಿ ಬೆಳೆದದ್ದು ಕುಂಬಳೆಯ ಹತ್ತಿರ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು. ನಮಗೆ ಆಟ ಅಂದರೆ ಯಕ್ಷಗಾನವೇ. ಚಿಕ್ಕವಳಿರುವಾಗ ಡೇರೆ ಮೇಳ ಬರುತ್ತಿತ್ತು. ಗದ್ದೆ ಕೊಯ್ಲಾದ ಮೇಲೆ ಬಯಲಿನಲ್ಲಿ ದೊಡ್ಡ ಡೇರೆ, ಸುತ್ತ ಬಟ್ಟೆಯ ಗೋಡೆ, ಬಾಗಿಲಲ್ಲಿ ಟಿಕೆಟು. ನೆಲಕ್ಕೊಂದು ರೇಟು, ಕುರ್ಚಿಗೊಂದು, ಆರಾಮ ಕುರ್ಚಿಗೊಂದು. ಅಪ್ಪ ನೆಲದ ಟಿಕೆಟೇ ತೆಗೆಯುತ್ತಿದ್ದರು, ಮಲಗಲು ಸುಲಭ ಅಂತ. ಚಾಪೆಯ ಮೇಲೆ ಅಂಗಾತ ಮಲಗಿದರೆ ಮೇಲೆ ಡೇರೆಯ ಮಾಡು ಗಾಳಿಗೆ ಉಬ್ಬುವುದು, ಇಳಿಯುವುದು ಕಾಣುತ್ತಿತ್ತು. ಯಾವ ಪ್ರಸಂಗ ಅಂತ ಒಂದೂ ನೆನಪಿಲ್ಲ. ಆ ಮಾಡು ಉಸಿರಾಡುತ್ತಿದ್ದದ್ದು ಮಾತ್ರ ನೆನಪಿದೆ.

ಒಂದು ಬೆಳಿಗ್ಗೆ ಅಪ್ಪ ಪರಿಚಯದ ಭಾಗವತರ ಜೊತೆ ಮಾತಾಡುತ್ತಾ ನಿಂತುಬಿಟ್ಟರು. ನಾನು ಡೇರೆ ಬಿಚ್ಚುವವರನ್ನು ನೋಡುತ್ತಾ ನಿಂತೆ. ಮಕರ ತಿಂಗಳ ಮಂಜು, ಮಾಡು ಪೂರ್ತಿ ಒದ್ದೆ. ಸಂಜೆಗೆ ಇನ್ನೊಂದು ಊರಲ್ಲಿ ಅದೇ ಡೇರೆ ಏಳಬೇಕು. ಆದರೂ ಆ ಜನ ಅವಸರ ಮಾಡಲಿಲ್ಲ. ಮೊದಲು ಗೋಡೆಯ ಬಟ್ಟೆ ಬಿಚ್ಚಿ ಗದ್ದೆಯ ಹುಣಿಯ ಮೇಲೆ ಉದ್ದಕ್ಕೆ ಹಾಕಿದರು. ಮಾಡಿನ ಬಟ್ಟೆ ಇಳಿಸಿ ಕೂಳೆಯ ಮೇಲೆ ಬಿಡಿಸಿ ಹಾಸಿದರು. ಕೂಳೆ ಚುಚ್ಚುತ್ತದಲ್ಲ, ಬಟ್ಟೆಯ ಅಡಿಯಿಂದ ಗಾಳಿ ಆಡುತ್ತದೆ. ಆಮೇಲೆ ಕಟ್ಟೆಯ ಮೇಲೆ ಕೂತು ಬೀಡಿ ಸೇದಿದರು. ಒಬ್ಬರು ನಡುವೆ ಎದ್ದು ಹೋಗಿ ಅಂಚನ್ನು ಮಗುಚಿ ಹಾಕಿ ಬಂದರು. ಬರೀ ಅಂಚು. ಅಮ್ಮ ಹಪ್ಪಳ ಮಗುಚುವ ಹಾಗೆ. ನನಗೆ ಆಗ ಅದು ಕೆಲಸವೇ ಅಲ್ಲ, ಕೆಲಸಗಳ್ಳತನ ಅಂತ ಅನಿಸಿತ್ತು.

ಆ ಅಂಚು ಯಾಕೆ ಅಂತ ತಿಳಿಯಲು ನನಗೆ 30 ವರ್ಷವೂ ಒಂದು ಹಾಳಾದ ಡೇರೆಯೂ ಬೇಕಾಯಿತು.

ತುಳುವರ ಪತ್ತನಾಜೆ ಬರುವುದು ಬೇಶ ತಿಂಗಳ ಹತ್ತಕ್ಕೆ, ಮೇ 24ರ ಆಸುಪಾಸು. ಆ ದಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ, ನೇಮಗಳೂ ನಿಲ್ಲುತ್ತವೆ. ಮತ್ತೆ ನಮ್ಮ ಕಡೆ ತೆಯ್ಯಂ ಶುರುವಾಗುವುದು ತುಲಾ ತಿಂಗಳ ಹತ್ತಕ್ಕೆ, ಪತ್ತಾಮುದಯಕ್ಕೆ, ಅಕ್ಟೋಬರ್ ಕೊನೆಯಲ್ಲಿ. ಇದಕ್ಕೆ ದೇವರ ಕಾರಣ ಏನೇ ಇರಲಿ, ಬಟ್ಟೆ, ಬಣ್ಣ, ಚರ್ಮ, ಸಿರಿ (ತೆಂಗಿನ ಎಳೆ ಗರಿ) ಇರುವ ಯಾವ ಕಲೆಗೂ ಈ ನಡುವಿನ ಐದು ತಿಂಗಳು ಹೊರಗೆ ಜಾಗ ಇಲ್ಲ. ನಾವು ಮೊದಲ ವರ್ಷ ಡೇರೆ ಮಡಚಿದ್ದು ಮೇ 29ಕ್ಕೆ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಇನ್ನೂ ಒಂದು ವಾರಾಂತ್ಯದ ಬುಕಿಂಗ್ ಸಿಗಲಿ ಅಂತ ಆಸೆ. ಈಗ ವಿಷು ಕಳೆದು ಮೂರು ವಾರಕ್ಕೆ ಬಿಚ್ಚುತ್ತೇವೆ. ಮೇ ಮೊದಲ ವಾರದಲ್ಲಿ ಬಿಸಿಲು ಕೇಳಿದಷ್ಟು ಸಿಗುತ್ತದೆ. ಕೊನೆಯ ವಾರದಲ್ಲಿ ಬೇಡಿಕೊಳ್ಳಬೇಕು.

ಮದ್ದೂ ಅದೇ, ವಿಷವೂ ಅದೇ

ಹಾಗಂತ ಅಡಿಕೆಯ ಲೆಕ್ಕವನ್ನು ಡೇರೆಗೆ ಹಾಗೇ ಹಾಕಲು ಆಗುವುದಿಲ್ಲ. ಅಡಿಕೆಗೆ ಒಂದೆರಡು ಬಿಸಿಲು ಹೆಚ್ಚಾದರೂ ನಷ್ಟ ಇಲ್ಲ. ಕ್ಯಾನ್ವಾಸಿಗೆ ಹಾಗಲ್ಲ. ಸೂರ್ಯನ ಅತಿನೇರಳೆ ಕಿರಣ ಹತ್ತಿಯ ನೂಲನ್ನು ಒಳಗಿಂದಲೇ ಸವೆಸುತ್ತದೆ, ಲೇಪವನ್ನೂ ಸುಡುತ್ತದೆ. ನೋಡಲು ಏನೂ ಆಗಿರುವುದಿಲ್ಲ. ಒಂದು ದಿನ ಹಗ್ಗ ಬಿಗಿ ಮಾಡುವಾಗ ಪರ್ರ್ ಅಂತ ಹರಿಯುತ್ತದೆ. ಮಳೆಯಲ್ಲಿ ಹಾಳಾದದ್ದು ಮೂಗಿಗೆ ಗೊತ್ತಾಗುತ್ತದೆ. ಬಿಸಿಲಿನಲ್ಲಿ ಹಾಳಾದದ್ದು ಹರಿಯುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ನೆರಳು ಬೇಕು. ಆದರೆ ಯಾವ ಮರದ ನೆರಳು? ನಮ್ಮ ಗುಡ್ಡ ಪೂರ್ತಿ ಗೇರು ಮರ. ಶಾಲೆಯ ಬಿಳಿ ಅಂಗಿಗೆ ಗೇರುಹಣ್ಣಿನ ರಸ ಬೀಳಿಸಿಕೊಂಡು ಅಮ್ಮನಿಂದ ಬೈಸಿಕೊಳ್ಳದ ಮಕ್ಕಳು ಈ ಜಿಲ್ಲೆಯಲ್ಲಿ ಇಲ್ಲ. ಆ ಚೊಗರಿನ ಕರೆ ಅಂಗಿ ಹರಿದರೂ ಹೋಗುವುದಿಲ್ಲ. ಇದು ಗೊತ್ತಿದ್ದೂ ಒಂದು ಡೇರೆಯನ್ನು ಗೇರು ಮರದಡಿ ಹಾಕಿದೆವು, ನೆರಳು ಚಂದ ಇತ್ತು ಅಂತ. ಮಾರ್ಚ್ ತಿಂಗಳಲ್ಲಿ ಹಣ್ಣು ಬಿತ್ತು. ಬಿದ್ದದ್ದು ಸಾಲದು ಅಂತ ಬಾವಲಿಗಳು ಬೇರೆ ಕಡೆಯ ಹಣ್ಣನ್ನೂ ತಂದು ರಾತ್ರಿ ಇಡೀ ಮೇಲೆ ಕೂತು ತಿಂದು ಉಗುಳಿದವು. ಹಿಕ್ಕೆ ಬೇರೆ. ಬೆಂಗಳೂರಿನ ಅತಿಥಿಗಳು ಬೆಳಿಗ್ಗೆ ಹೊರಗೆ ಬಂದು, ‘ಇದು ಡಿಸೈನಾ?’ ಅಂತ ಕೇಳಿದರು. ನಮ್ಮವರು ಹೌದು ಅಂದುಬಿಟ್ಟರು. ಈಗ ಬಿದಿರು ಕಂಬದ ಮೇಲೆ ತೋಟಕ್ಕೆ ಕಟ್ಟುವ ಹಸಿರು ನೆರಳುಬಲೆ ಕಟ್ಟಿದ್ದೇವೆ, ಡೇರೆಗೆ ತಾಗದ ಹಾಗೆ ಒಂದು ಮೊಳ ಮೇಲೆ. ನೋಡಲು ನರ್ಸರಿ ಥರ ಇದೆ. ಫೋಟೊಗೆ ಒಳ್ಳೆಯದಲ್ಲ ಅಂತ ಅತಿಥಿಗಳಿಗೆ ಬೇಸರ. ಇರಲಿ.

ಉಳಿದ ದಿನನಿತ್ಯದ ಪಾಡು ಹೆಚ್ಚೇನಿಲ್ಲ. ಹೊಸ ಹತ್ತಿ ಡೇರೆಯನ್ನು ಮೊದಲು ನೆನೆಸಬೇಕು. ನಾವು ತೋಟದ ಸ್ಪ್ರಿಂಕ್ಲರ್ ಜೆಟ್ ತಿರುಗಿಸಿ ನೆನೆಸಿದೆವು. ಮೊದಲ ಸಲ ಹೊಲಿಗೆಯ ಸೂಜಿ ತೂತುಗಳಲ್ಲಿ ಟಪಟಪ ಅಂತ ಸೋರಿತು. ನಮ್ಮವರ ಮುಖ ಬಾಡಿತು. ಒಣಗಿಸಿ ಮತ್ತೆ ನೆನೆಸಿದಾಗ ನಿಂತಿತು, ನೂಲು ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ. ಒದ್ದೆಯಾದಾಗ ಬಟ್ಟೆ ಬಿಗಿಯುತ್ತದೆ, ಹಾಗಾಗಿ ಮಳೆ ಬಂದರೆ ಹಗ್ಗ ಸ್ವಲ್ಪ ಸಡಿಲ ಬಿಡಬೇಕು. ಒದ್ದೆ ಗೋಡೆಗೆ ಒಳಗಿನಿಂದ ಮಂಚ, ಸೂಟ್‌ಕೇಸ್ ತಾಗಿಸಿ ಇಟ್ಟರೆ ಅಲ್ಲೇ ನೀರು ಜಿನುಗುತ್ತದೆ. ದಿನಾ ಹತ್ತು ಗಂಟೆಗೆ ಗೋಡೆಯನ್ನು ಮೇಲೆ ಸುತ್ತಿ ಗಾಳಿ ಆಡಲು ಬಿಡುತ್ತೇವೆ. ಮುರಕಲ್ಲಿನ ಕೆಂಪು ಮಣ್ಣು ಹಾರಿ ಅಂಚಿಗೆ ಕೂತರೆ ಒದ್ದೆ ಬಟ್ಟೆ ಹಿಡಿದು ಓಡಬಾರದು. ಒಣಗಲು ಬಿಟ್ಟು ಬ್ರಷ್ಷಿನಲ್ಲಿ ತಟ್ಟಿದರೆ ಮುಕ್ಕಾಲು ಪಾಲು ಉದುರುತ್ತದೆ. ಒದ್ದೆಯಲ್ಲಿ ತಿಕ್ಕಿದರೆ ಅದು ಬಣ್ಣ ಹಾಕಿದ ಹಾಗೆ. ಹಿಕ್ಕೆಗೂ ಇದೇ ನಿಯಮ. ಜಿಪ್ಪಿಗೆ ಮೇಣದಬತ್ತಿ ಉಜ್ಜುತ್ತೇವೆ. ಬೇಕಲದ ಕಡೆ ಸಮುದ್ರದ ಬದಿಯಲ್ಲಿ ಡೇರೆ ಹಾಕಿರುವ ಪರಿಚಯದವರೊಬ್ಬರು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಜಿಪ್ಪು ತೊಳೆಯುತ್ತಾರೆ. ಉಪ್ಪುಗಾಳಿಗೆ ಲೋಹದ ಹಲ್ಲು ಕಚ್ಚಿಕೊಳ್ಳುತ್ತದಂತೆ.

ಸೊಳ್ಳೆಬತ್ತಿಯ ಬಗ್ಗೆ ಮಾತ್ರ ನಾನು ಅತಿಥಿಗಳಿಗೆ ಕೈಮುಗಿದು ಹೇಳುತ್ತೇನೆ. ಹೇಳಿದರೂ ಹಚ್ಚುತ್ತಾರೆ. ಎರಡು ತೇಪೆ ಇದೆ.

ಅಟ್ಟ, ಇಲಿ, ಒರಲೆ

ಎರಡನೆಯ ವರ್ಷ ಅತ್ತೆಯ ಮಾತು ಕೇಳಿ ಒಂದು ಡೇರೆಯನ್ನು ಬಚ್ಚಲು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆವು. ಹಂಡೆಯ ಅಡಿಯಲ್ಲಿ ದಿನಾ ಬೆಂಕಿ, ಮಳೆಗಾಲದಲ್ಲಿ ಈ ಮನೆಯಲ್ಲೇ ಬೆಚ್ಚಗಿನ ಜಾಗ ಅದು. ಬೀಜದ ಸೌತೆಕಾಯಿಯೂ ಒದ್ದೆ ಕೊಡೆಯೂ ಅಲ್ಲೇ. ಬೂಷ್ಟು ಒಂದು ಚುಕ್ಕೆಯೂ ಬರಲಿಲ್ಲ. ಆದರೆ ಅಕ್ಟೋಬರಿನಲ್ಲಿ ಇಳಿಸಿದಾಗ ಡೇರೆ ಸುಟ್ಟ ಹಲಸಿನ ಕಟ್ಟಿಗೆಯ ವಾಸನೆ ಹೊಡೆಯುತ್ತಿತ್ತು, ಚೀಲದ ಹೊರಮೈ ಮಸಿ ಹಿಡಿದು ಕಾವಲಿಯ ಹಾಗಾಗಿತ್ತು. ಒಂದು ಕುಟುಂಬ ಅರ್ಧ ರಾತ್ರಿಗೆ ಎದ್ದು ಎಲ್ಲೋ ಬೆಂಕಿ ಬಿದ್ದಿದೆ ಅಂತ ಹೊರಗೆ ಓಡಿ ಬಂದಿತು.

ಪತ್ತಾಯದ ಕೋಣೆಯ ನೆಲದಲ್ಲಿ ಇಟ್ಟರೆ ಒರಲೆ, ಅಂದರೆ ಗೆದ್ದಲು. ಒರಲೆಗೆ ಹತ್ತಿ, ಕಾಗದ, ಮರ ಎಲ್ಲ ಒಂದೇ ಅನ್ನ. ಗೋಡೆಗೆ ತಾಗಿಸಿ ಇಟ್ಟರೂ ಮಣ್ಣಿನ ದಾರಿ ಮಾಡಿಕೊಂಡು ಬರುತ್ತದೆ. ಇಲಿ ತಿನ್ನುವುದಿಲ್ಲ, ಮರಿ ಹಾಕಲು ಮೆತ್ತಗಿನ ಜಾಗ ಹುಡುಕಿ ಮಡಿಕೆಯ ಮಧ್ಯೆ ಕೊರೆಯುತ್ತದೆ. ಒಂದು ತೂತು ಕೊರೆದರೆ ಬಿಡಿಸಿದಾಗ ಎಂಟು ತೂತು.

ಈಗ ನಡೆದುಕೊಂಡು ಬಂದಿರುವುದು ಹೀಗೆ. ಕಂಬ, ಗೂಟ ಬೇರೆ ಚೀಲ, ಒರೆಸಿ ಒಣಗಿಸಿ. ಗೂಟದ ತುಕ್ಕು ಬಟ್ಟೆಗೆ ತಾಗಿದರೆ ಅದಕ್ಕೂ ಮದ್ದಿಲ್ಲ. ನೆಲಹಾಸು ಬೇರೆ. ಕ್ಯಾನ್ವಾಸನ್ನು ಬಿಗಿಯಾಗಿ ಮಡಚುವುದಿಲ್ಲ, ಸಡಿಲವಾಗಿ ಸುತ್ತುತ್ತೇವೆ. ಪ್ರತಿ ವರ್ಷ ಬೇರೆ ಗೆರೆಯಲ್ಲಿ ಸುತ್ತುತ್ತೇವೆ, ಒಂದೇ ಕಡೆ ಮಡಚಿದರೆ ಅಲ್ಲಿ ನೂಲು ಸೋಲುತ್ತದೆ. ಹಳೆಯ ಹತ್ತಿ ಬೆಡ್‌ಶೀಟ್ ಹೊಲಿದು ಚೀಲ ಮಾಡಿದ್ದೇನೆ, ಗಾಳಿ ಆಡಲಿ ಅಂತ. ಪ್ಲಾಸ್ಟಿಕ್ ಹತ್ತಿರಕ್ಕೂ ಬರುವಂತಿಲ್ಲ. ಮಾಳಿಗೆಯಲ್ಲಿ ಜಂತಿಗೆ ತಂತಿ ಕಟ್ಟಿ, ಎರಡು ಬಿದಿರಿನ ಮೇಲೆ ಮಲಗಿಸಿ, ಉಯ್ಯಾಲೆಯ ಹಾಗೆ ತೂಗುಹಾಕುತ್ತೇವೆ. ತಂತಿಗೆ ನಡುವೆ ತೆಂಗಿನ ಗೆರಟೆ ಕವುಚಿ ಹಾಕಿದರೆ ಇಲಿ ಅದನ್ನು ದಾಟಿ ಇಳಿಯಲು ಕಷ್ಟಪಡುತ್ತದೆ. ಇದು ನಮ್ಮವರ ಸ್ವಂತ ಬುದ್ಧಿ, ಅದರ ಬಗ್ಗೆ ಅವರಿಗೆ ಸ್ವಲ್ಪ ಜಾಸ್ತಿಯೇ ಅಭಿಮಾನ.

ಆದರೂ ಇಟ್ಟು ಮರೆಯಲು ಆಗುವುದಿಲ್ಲ. ಜುಲೈ-ಆಗಸ್ಟಿನ ಆಟಿಯಲ್ಲಿ ಒಂದು ಸಲ, ಸೋಣದಲ್ಲಿ ಒಂದು ಸಲ, ಹೊಳವು ಸಿಕ್ಕ ದಿನ ಬಿಚ್ಚಿ ಅಡಿಕೆಯ ಸೋಲಾರ್ ಗೂಡಿನಲ್ಲಿ ಅರ್ಧ ದಿನ ಹರಡುತ್ತೇವೆ. ಪ್ಲಾಸ್ಟಿಕ್ ಮಾಡಿನ ಆ ಗೂಡು ಹೇಗೂ ಮಳೆಗಾಲದಲ್ಲಿ ಅರ್ಧ ಖಾಲಿ. ಡೇರೆ ಎಷ್ಟು ವರ್ಷ ಬಾಳ್ತದೆ ಅಂತ ನೋಡಲು ಬಂದವರೆಲ್ಲ ಕೇಳುತ್ತಾರೆ. ಮಾರಿದವರು ಒಂದು ಸಂಖ್ಯೆ ಹೇಳಿದ್ದರು. ನಾನು ಸಂಖ್ಯೆ ಹೇಳುವುದನ್ನು ಬಿಟ್ಟಿದ್ದೇನೆ. ಜನ ಉಳಿದುಕೊಂಡು ಹೋದ ರಾತ್ರಿಗಳಲ್ಲಿ ನಮ್ಮ ಡೇರೆ ಹಾಳಾದದ್ದು ಕಡಿಮೆ. ಯಾರೂ ನೋಡದ ತಿಂಗಳಲ್ಲಿ ಹಾಳಾದದ್ದೇ ಹೆಚ್ಚು.

ಈ ವರ್ಷ ಮೇ 6ಕ್ಕೆ ಬಿಚ್ಚಿದೆವು. ಅಂಗಳದಲ್ಲಿ ಅಡಿಕೆ ಸೋಗೆ ಹಾಸಿ ಅದರ ಮೇಲೆ ಕ್ಯಾನ್ವಾಸ್ ಬಿಡಿಸಿದೆ, ಅಡಿಯಿಂದ ಗಾಳಿ ಬರಲಿ ಅಂತ. ಕೂಳೆ ಎಲ್ಲಿ ಹುಡುಕುವುದು, ಗದ್ದೆಗಳೇ ಇಲ್ಲವಲ್ಲ. ಹನ್ನೊಂದು ಗಂಟೆಗೆ ಅಂಚು ಮಗುಚಿದೆ. ಒಂದು ಗಂಟೆಗೆ ನೆತ್ತಿಯ ತೇಪೆ ಮಗುಚಿದೆ. ಮೂರು ಗಂಟೆಗೆ ಹೊಲಿಗೆ ಹೊಲಿಗೆಯೂ ಕೆನ್ನೆಗೆ ಇಟ್ಟು ನೋಡಿದೆ. ಬೆಚ್ಚಗಿತ್ತು. ನಮ್ಮವರು ಚೀಲ ಹಿಡಿದು ನಿಂತಿದ್ದರು. ಪಡುವಣದಲ್ಲಿ ಸಣ್ಣಗೆ ಮೋಡ.

ಅತ್ತೆ ಕೋಲೂರಿಕೊಂಡು ಇಳಿದು ಬಂದರು. ಬಗ್ಗಲು ಆಗುವುದಿಲ್ಲ, ಹಾಗಾಗಿ ನಾನೇ ಬಾಗಿಲ ಪಟ್ಟಿಯನ್ನು ಎತ್ತಿ ಅವರ ಕೆನ್ನೆಗೆ ಹಿಡಿದೆ. ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ನಿಂತರು.

‘ಇನ್ನೊಂದು ಬಿಸಿಲು ಇರಲಿ’ ಅಂದರು.

ನಮ್ಮವರು ಮೋಡ ನೋಡಿದರು, ನನ್ನ ಮುಖ ನೋಡಿದರು, ಚೀಲವನ್ನು ತಂತಿಯ ಮೇಲೆ ನೇತುಹಾಕಿ ಡೇರೆಯ ಒಂದು ತುದಿ ಹಿಡಿದರು. ನಾನು ಇನ್ನೊಂದು ತುದಿ. ರಾತ್ರಿಗೆ ಸೋಲಾರ್ ಗೂಡಿಗೆ ಹೊತ್ತುಕೊಂಡು ಹೋದೆವು.